ಸೀಮೆಎಣ್ಣೆ ತಡವಾಗುತ್ತದೆ ಅಂತ ಬಂದ ಕಾಗದ: ಹಳೇ ವ್ಯಾಪಾರದ ಪತ್ರದಲ್ಲಿ ಯುದ್ಧ ಹುಡುಕುವುದು ಹೇಗೆ

ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಟ್ರಂಕು ಇಳಿಯುತ್ತದೆ. ಒಳಗೆ ಖಾತೆ ಪುಸ್ತಕ, ರಸೀದಿಗಳು, ದಾರ ಕಟ್ಟಿದ ಕಾಗದದ ಕಂತೆ. ಎಲ್ಲರೂ ಮೊದಲು ಹುಡುಕುವುದು ಆಸ್ತಿ ಪತ್ರ. ಅದಿಲ್ಲ ಅಂತ ಗೊತ್ತಾದ ಕೂಡಲೇ ಉಳಿದದ್ದೆಲ್ಲ ರದ್ದಿಗೆ. ನಮ್ಮ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು. ಬಳ್ಳಾರಿಯಲ್ಲಿ ನಮ್ಮ ಮುತ್ತಾತನದ್ದು ಎಣ್ಣೆ ಅಂಗಡಿ. ಅವರಿಗೆ ಮದ್ರಾಸಿನ ಕಮಿಷನ್ ಮಂಡಿಯಿಂದ ಬಂದ ಒಂದು ಇಂಗ್ಲಿಷ್ ಕಾಗದ ಆ ಕಂತೆಯಲ್ಲಿತ್ತು. ಸೀಮೆಎಣ್ಣೆ ಡಬ್ಬ ಕಳಿಸುವುದು ತಡವಾಗುತ್ತದೆ ಅಂತ ಬರೆದಿದ್ದರು, ಅಷ್ಟೇ. ಬೋರು ಹೊಡೆಸುವ ಕಾಗದ. ಆದರೆ ಯಾಕೆ ತಡ ಅಂತ ಹಿಂದೆ ಬಿದ್ದಾಗ ಗೊತ್ತಾಯಿತು, ಅದಕ್ಕೂ ನಾಲ್ಕು ದಿನ ಮುಂಚೆ, ಮೊದಲ ಮಹಾಯುದ್ಧದ ಶುರುವಿನಲ್ಲಿ, ಒಂದು ಜರ್ಮನ್ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡಿನ ಮಳೆ ಸುರಿಸಿ ಹೋಗಿತ್ತು.

ಕಾಗದದಲ್ಲಿ ಯುದ್ಧ ಅನ್ನುವ ಮಾತೇ ಇಲ್ಲ. ಜರ್ಮನಿ ಇಲ್ಲ, ಹಡಗಿಲ್ಲ, ಬೆಂಕಿಯೂ ಇಲ್ಲ.

ಇಂಥ ಕಾಗದ ಓದುವವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ. ವ್ಯಾಪಾರಿ ಯುದ್ಧದ ಬಗ್ಗೆ ಬರೆಯುವುದಿಲ್ಲ, ತನ್ನ ಸಬೂಬು ಬರೆಯುತ್ತಾನೆ. ಮಾಲು ಯಾಕೆ ಬಂದಿಲ್ಲ, ದರ ಯಾಕೆ ಏರಿತು, ಹಡಗು ಯಾಕೆ ಹೊರಡಲಿಲ್ಲ. ಹಾಗಾಗಿ ಸುಮ್ನೆ ಮೇಲಿಂದ ಕೆಳಗೆ ಓದಿ ಪಕ್ಕಕ್ಕಿಡಬೇಡಿ. ಸಬೂಬು ಎಲ್ಲಿದೆ ಅಂತ ಹುಡುಕಿ, ಅಲ್ಲಿ ನಿಲ್ಲಿ. ನಾನು ಮಾಡಿದ್ದನ್ನು, ಮಾಡಬಾರದ್ದನ್ನೂ ಸೇರಿಸಿ, ಮುಂದೆ ಹೇಳುತ್ತೇನೆ.

ಮುಟ್ಟುವ ಮುಂಚೆ

ನನ್ನ ದಡ್ಡತನದಿಂದಲೇ ಶುರು ಮಾಡೋಣ. ಧೂಳು ಕೂತಿದೆ ಅಂತ ಒದ್ದೆ ಬಟ್ಟೆಯಲ್ಲಿ ಕಾಗದದ ಕೆಳಗಿನ ಮೂಲೆ ಒರೆಸಿದೆ. ಎರಡೇ ಸೆಕೆಂಡು. ನೇರಳೆ ಬಣ್ಣ ಹರಡಿತು, ಸಹಿ ಅರ್ಧ ಹೋಯಿತು. ಇವತ್ತಿಗೂ ಆ ಮೂಲೆ ನೇರಳೆ ಹಣ್ಣು ತಿಂದ ಮಗುವಿನ ಬಾಯಿಯ ಹಾಗೆ ಇದೆ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಜೆರಾಕ್ಸ್ ಇಲ್ಲದ ಕಾಲದಲ್ಲಿ ಆಫೀಸಿನವರು ನಕಲು ಇಟ್ಟುಕೊಳ್ಳಲು ಒಂದು ಉಪಾಯ ಮಾಡುತ್ತಿದ್ದರು. ಕರಗುವ ಶಾಯಿಯಲ್ಲಿ ಪತ್ರ ಬರೆಯುವುದು, ಅದರ ಮೇಲೆ ಸ್ವಲ್ಪ ಒದ್ದೆ ಮಾಡಿದ ತೆಳು ಹಾಳೆ ಇಡುವುದು, ಎರಡನ್ನೂ ಕಬ್ಬಿಣದ ಪ್ರೆಸ್ಸಿನಲ್ಲಿ ಒತ್ತುವುದು. ಶಾಯಿ ಒಂದಿಷ್ಟು ತೆಳು ಹಾಳೆಗೆ ಇಳಿಯುತ್ತದೆ. ಅಕ್ಷರ ತಿರುಗುಮುರುಗಾಗಿ ಬಿದ್ದರೂ ಹಾಳೆ ತೆಳು ಅಲ್ವಾ, ಹಿಂಬದಿಯಿಂದ ನೋಡಿದರೆ ನೇರವಾಗಿ ಓದಬಹುದು. ಟೈಪ್‌ರೈಟರ್ ರಿಬ್ಬನ್ನಿನಲ್ಲೂ ಇದೇ ಥರದ ಶಾಯಿ ಬರುತ್ತಿತ್ತು. ಅಂದರೆ ಆ ಶಾಯಿಯನ್ನು ನೀರಿಗೆ ಕರಗಲಿ ಅಂತಲೇ ಮಾಡಿದ್ದು. ನೂರು ವರ್ಷ ಆದರೂ ಅದು ತನ್ನ ಕೆಲಸ ಮರೆತಿಲ್ಲ. ಆದ್ದರಿಂದ ನೀರು ಬೇಡ, ಎಂಜಲು ಬೆರಳು ಬೇಡ, ಬೆವರಿದ ಕೈಯೂ ಬೇಡ. ಧೂಳಿದ್ದರೆ ಮೆತ್ತನೆಯ ಒಣ ಬ್ರಷ್ ಸಾಕು. ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ಎಳೆಯಬೇಡಿ, ಸೂಜಿಯ ಜೊತೆ ಕಾಗದದ ಚೂರೂ ಬರುತ್ತದೆ.

ಆಮೇಲೆ ಫೋಟೋ ತೆಗೆಯಿರಿ. ಓದುವ ಮುಂಚೆಯೇ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿ. ಹಿಂಬದಿ ಖಾಲಿ ಅನ್ನಿಸಿದರೂ ತೆಗೆಯಿರಿ, ಅಂಗಡಿಯವರು ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದರು. ನೇರಳೆ ಶಾಯಿ ಮಸುಕಾಗಿದ್ದರೆ ಒಂದು ಕಿವಿಮಾತು: ಎಡಿಟ್ ಮಾಡುವ ಆ್ಯಪ್‌ನಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆ ಬೇರೆ ನೋಡಲು ಬರುವುದಾದರೆ ಹಸಿರು ಪದರ ತೆಗೆದುಕೊಳ್ಳಿ. ನೇರಳೆ ಅದರಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ. ಅಷ್ಟು ತಲೆನೋವು ಬೇಡ ಅಂದರೆ ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ, ಮುಕ್ಕಾಲು ಪಾಲು ಓದಲು ಸಿಗುತ್ತದೆ. ಒತ್ತಿ ಬರೆದ ಪೆನ್ಸಿಲ್ ಗುರುತು ಕಾಣಬೇಕಾದರೆ ರಾತ್ರಿ ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಬಿಡಿ.

ತಾರೀಖು, ಮತ್ತೊಂದು ತೂತಿನ ಕಥೆ

ಹಳೇ ಇಂಗ್ಲಿಷ್ ವ್ಯಾಪಾರದ ಕಾಗದಗಳ ಒಳಗಿನ ಸಾಲುಗಳಲ್ಲಿ ತಿಂಗಳ ಹೆಸರು ಬರೆಯುವುದೇ ಅಪರೂಪ. ಬದಲಿಗೆ ಮೂರು ಪದ ಬಳಸುತ್ತಿದ್ದರು. ಇನ್‌ಸ್ಟಂಟ್ ಅಂದರೆ ಇದೇ ತಿಂಗಳು, ಅಲ್ಟಿಮೊ ಅಂದರೆ ಹೋದ ತಿಂಗಳು, ಪ್ರಾಕ್ಸಿಮೊ ಅಂದರೆ ಬರುವ ತಿಂಗಳು. ಅದನ್ನೂ ಪೂರ್ತಿ ಬರೆಯುವುದಿಲ್ಲ, ಮೂರು ನಾಲ್ಕು ಅಕ್ಷರ ಬರೆದು ಚುಕ್ಕಿ ಇಡುತ್ತಾರೆ. ಇದು ಗೊತ್ತಿಲ್ಲದಿದ್ದರೆ ಘಟನೆಯ ತಾರೀಖು ಒಂದು ತಿಂಗಳು ಹಿಂದೆ ಮುಂದೆ ಆಗಿಬಿಡುತ್ತದೆ. ಸೆಪ್ಟೆಂಬರ್ 26ರ ಕಾಗದದಲ್ಲಿ 22 ಇನ್‌ಸ್ಟಂಟ್ ಅಂದರೆ ಸೆಪ್ಟೆಂಬರ್ 22. ಅದೇ ಮನುಷ್ಯ ಅಕ್ಟೋಬರ್ 3ಕ್ಕೆ ಕೂತು ಬರೆದಿದ್ದರೆ ಅದೇ ದಿನವನ್ನು 22 ಅಲ್ಟಿಮೊ ಅನ್ನುತ್ತಿದ್ದ. ಹಾಗೇ, ನಿಮ್ಮ ಫೇವರ್ ಬಂತು ಅಂತಿದ್ದರೆ ಯಾರೋ ಉಪಕಾರ ಮಾಡಿದ್ದಾರೆ ಅಂದುಕೊಳ್ಳಬೇಡಿ, ನಿಮ್ಮ ಪತ್ರ ತಲುಪಿತು ಅಂತ ಅರ್ಥ. ನಾನು ಒಂದು ಸಂಜೆ ಪೂರ್ತಿ ಮುತ್ತಾತ ಏನು ಉಪಕಾರ ಮಾಡಿರಬಹುದು ಅಂತ ಯೋಚಿಸಿದ್ದೆ.

ನಮ್ಮ ಕಾಗದದ ಮೇಲೆ ಸೆಪ್ಟೆಂಬರ್ 26, 1914 ಅಂತ ಸ್ಪಷ್ಟವಾಗಿದೆ. ತೊಂದರೆ ಆದದ್ದು ಒಳಗೆ. ಅಂಗಡಿಯಲ್ಲಿ ಕಾಗದಗಳನ್ನು ಮರದ ಹಲಗೆಗೆ ನಿಲ್ಲಿಸಿದ ಚೂಪು ತಂತಿಗೆ ಚುಚ್ಚಿಡುತ್ತಿದ್ದರು, ಈಗಲೂ ಕೆಲವು ಹೋಟೆಲ್ ಗಲ್ಲಾದಲ್ಲಿ ಬಿಲ್ಲು ಚುಚ್ಚುತ್ತಾರಲ್ಲ, ಹಾಗೆ. ಆ ತೂತು ಸರಿಯಾಗಿ ತಾರೀಖಿನ ಮೇಲೇ ಬಿದ್ದಿದೆ. ಎರಡರ ಅಂಕಿ, ಅದರ ಪಕ್ಕ ತೂತು, ಸುತ್ತ ತುಕ್ಕಿನ ಕಂದು ಉಂಗುರ. ಇಪ್ಪತ್ತರಿಂದ ಇಪ್ಪತ್ತಾರರವರೆಗೆ ಯಾವ ದಿನ ಬೇಕಾದರೂ ಆಗಬಹುದಿತ್ತು. ಆದರೆ ತೂತಿನ ಬಲಕ್ಕೆ ಎರಡು ಪುಟ್ಟ ಅಕ್ಷರ ಉಳಿದಿದ್ದವು: ಎನ್, ಡಿ. ಇಂಗ್ಲಿಷಿನಲ್ಲಿ ತಾರೀಖಿನ ಬಾಲಕ್ಕೆ ಎನ್‌ಡಿ ಬರುವುದು ಎರಡೇ ಕಡೆ, 2ಕ್ಕೆ ಮತ್ತು 22ಕ್ಕೆ. ಮೊದಲ ಅಂಕಿ ಎರಡು, ಆಮೇಲೆ ಒಂದು ಅಂಕಿಯ ಜಾಗ, ಆಮೇಲೆ ಎನ್‌ಡಿ. ಇಪ್ಪತ್ತೆರಡು ಬಿಟ್ಟು ಬೇರೆ ಏನೂ ಕೂರುವುದಿಲ್ಲ. ಹೋದ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮುಂಚೆ ಉಳಿದ ಅಕ್ಷರ ಏನು ಹೇಳುತ್ತದೆ ಅಂತ ನೋಡಿ.

ನಿಮ್ಮ ಕಾಗದ ಕನ್ನಡದಲ್ಲೋ ತೆಲುಗಿನಲ್ಲೋ ಇದ್ದರೆ ಸಂವತ್ಸರ, ಮಾಸ, ತಿಥಿ ಇರಬಹುದು. 1914ರ ಯುಗಾದಿಯಿಂದ 1915ರ ಯುಗಾದಿವರೆಗೆ ಆನಂದ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಅದಕ್ಕೆ 1854 ಅಲ್ಲ, 1974 ಅಲ್ಲ ಅಂತ ಬೇರೆ ಗುರುತಿನಿಂದ ಖಚಿತ ಮಾಡಿಕೊಳ್ಳಿ. ಕರಾವಳಿ ಕಡೆಯ ಕಾಗದ ಆದರೆ ಸೌರಮಾನದ ತಿಂಗಳು ಇರುತ್ತದೆ, ಲೆಕ್ಕವೇ ಬೇರೆ. ತಿಥಿ ಹಾಕಿ ನೋಡುವುದರಿಂದ ಇನ್ನೊಂದು ಲಾಭ ಇದೆ. 1914ರ ಸೆಪ್ಟೆಂಬರ್ 22, ಮಂಗಳವಾರ, ಮಹಾಲಯ ಅಮಾವಾಸ್ಯೆ ಕಳೆದು ಎರಡು ಮೂರು ದಿನ ಅಷ್ಟೇ. ನವರಾತ್ರಿ ಆಗತಾನೇ ಶುರುವಾಗಿತ್ತು. ಚಂದ್ರ ನೂಲಿನಷ್ಟು ತೆಳು, ಬೇಗ ಮುಳುಗುತ್ತಾನೆ. ಅಂದರೆ ರಾತ್ರಿ ಒಂಬತ್ತೂವರೆಗೆ ಸಮುದ್ರದ ಮೇಲೆ ಕಗ್ಗತ್ತಲು. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ತಲೆಬರಹ, ಲಕೋಟೆ

ಕಾಗದದ ಮೇಲೆ ಅಚ್ಚಾದ ಹೆಸರು ವಿಳಾಸವನ್ನು ಜಾಸ್ತಿ ಜನ ಓದುವುದೇ ಇಲ್ಲ. ಅಲ್ಲಿ ತಂತಿ, ಅಂದರೆ ಟೆಲಿಗ್ರಾಂ, ವಿಳಾಸ ಇರುತ್ತದೆ, ಒಂದೇ ಪದ. ಅದರ ಕೆಳಗೆ ಎಬಿಸಿ ಐದನೇ ಆವೃತ್ತಿ, ಬೆಂಟ್ಲೀಸ್ ಅಂತ ಏನೋ ಇರುತ್ತದೆ. ಅವು ತಂತಿ ಕಳಿಸುವವರ ಸಂಕೇತ ಪುಸ್ತಕಗಳು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಒಂದು ಇಡೀ ವಾಕ್ಯಕ್ಕೆ ಒಂದೇ ಪದ. ಎಬಿಸಿ ಐದನೇ ಆವೃತ್ತಿ ಬಂದದ್ದು 1901ರಲ್ಲಿ, ಬೆಂಟ್ಲೀಸ್ 1906ರಲ್ಲಿ, ಆದ್ದರಿಂದ ತಾರೀಖು ಹರಿದುಹೋದ ಕಾಗದಕ್ಕೂ ಒಂದು ಅಂದಾಜು ಸಿಗುತ್ತದೆ. ಯುದ್ಧ ಶುರುವಾದ ಮೇಲೆ ಈ ಸಂಕೇತಗಳ ಮೇಲೆ ಸರ್ಕಾರ ನಿರ್ಬಂಧ ಹಾಕಿತು. ತಂತಿಯಲ್ಲಿ ಮುಗಿಯುತ್ತಿದ್ದ ಮಾತು ಉದ್ದದ ಕಾಗದವಾಗಿ ಬಂದಿದ್ದರೆ ಅದೂ ಒಂದು ಕಾರಣ ಇರಬಹುದು.

ಮದ್ರಾಸಿನ ವಿಳಾಸ ಆದರೆ ಬ್ಲ್ಯಾಕ್ ಟೌನ್ ಅಂತಿದೆಯಾ, ಜಾರ್ಜ್ ಟೌನ್ ಅಂತಿದೆಯಾ ನೋಡಿ. ಊರು ಅದೇ, ಹೆಸರು ಬದಲಾದದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ. ಎಣ್ಣೆ ಕಂಪನಿ ಬರ್ಮಾ ಆಯಿಲ್ ಅಂತಿದ್ದರೆ ಒಂದು ಕಾಲ, ಬರ್ಮಾ-ಶೆಲ್ ಅಂತಿದ್ದರೆ 1928ರ ನಂತರ. ಅದೇ ಬರ್ಮಾ-ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದು ಈಗಿನ ಭಾರತ್ ಪೆಟ್ರೋಲಿಯಂ ಆಯಿತು.

ಲಕೋಟೆ ಇದ್ದರೆ ನೀವು ಪುಣ್ಯವಂತರು. ಚೀಟಿ ಕೀಳಬೇಡಿ, ಅಂಚೆಚೀಟಿ ಸಂಗ್ರಹಿಸುವ ಮಾವ ಎಷ್ಟೇ ಕೇಳಿದರೂ. 1914ರಲ್ಲಿ ದೇಶದೊಳಗೆ ಒಂದು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. ಐದನೇ ಜಾರ್ಜ್‌ನ ತಲೆ ಇರುವ ಹಸಿರು ಚೀಟಿ. ಕಾರ್ಡಿಗೆ ಕಾಲಾಣೆ. 1922ರಲ್ಲಿ ಕಾಗದಕ್ಕೆ ಒಂದಾಣೆ, ಕಾರ್ಡಿಗೆ ಅರ್ಧಾಣೆ ಆಯಿತು. ಚೀಟಿಯ ಬೆಲೆ ಕಾಗದದ ತಾರೀಖಿಗೆ ಹೊಂದುತ್ತದಾ ಅಂತ ಇದರಿಂದ ಪರೀಕ್ಷೆ ಮಾಡಬಹುದು. ಮುಂಭಾಗದ ಮುದ್ರೆ ಹೊರಟ ಊರಿನದ್ದು, ಹಿಂಭಾಗದ್ದು ತಲುಪಿದ ಊರಿನದ್ದು, ಮಧ್ಯೆ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ಮುದ್ರೆ ಇದ್ದರೆ ರೈಲಿನಲ್ಲಿ ವಿಂಗಡಣೆ ಆದದ್ದು. ಎರಡು ತಾರೀಖಿನ ನಡುವಿನ ಅಂತರ ಲೆಕ್ಕ ಹಾಕಿ. ಅದೇ ದಾರಿಯಲ್ಲಿ ಬಂದ ಬೇರೆ ಕಾಗದಗಳು ಕಂತೆಯಲ್ಲಿದ್ದರೆ ಹೋಲಿಸಿ. ನಮ್ಮದು 28ಕ್ಕೆ ಬಳ್ಳಾರಿಯಲ್ಲಿತ್ತು, ಯಾವತ್ತಿನ ಹಾಗೆ ಎರಡೇ ದಿನಕ್ಕೆ. ಅಂದರೆ ಟಪಾಲು ರೈಲು ಸರಿಯಾಗಿಯೇ ಓಡುತ್ತಿತ್ತು. ನಿಂತಿದ್ದು ಮಾಲು ಮಾತ್ರ. ಇಷ್ಟು ಸಣ್ಣ ವಿಷಯದಿಂದಲೇ ತೊಂದರೆ ಎಲ್ಲಿ ಆಗಿರಬೇಕು ಅಂತ ಒಂದು ಸುಳಿವು ಸಿಗುತ್ತದೆ. ರೈಲು ದಾರಿಯಲ್ಲಲ್ಲ, ಬಂದರಿನ ಕಡೆ.

ಸಬೂಬಿನ ಸಾಲು

ಈಗ ಸಬೂಬಿಗೆ ಬನ್ನಿ. ನಮ್ಮ ಕಾಗದದಲ್ಲಿ ಅದು ಒಂದೂವರೆ ಸಾಲು. 22ರ ರಾತ್ರಿಯ ಘಟನೆಯ ಕಾರಣ ಕೂಲಿಗಳು ಊರು ಬಿಟ್ಟಿದ್ದಾರೆ, ಗಾಡಿ ಸಿಗುತ್ತಿಲ್ಲ, ಇಪ್ಪತ್ತು ಡಬ್ಬ ಕಳಿಸುವುದು ತಡವಾಗುತ್ತದೆ, ಮುಂದಿನ ದರ ಈಗ ಹೇಳಲು ಆಗುವುದಿಲ್ಲ ಅಂತ ಅದರ ತಾತ್ಪರ್ಯ. ಘಟನೆ ಅಂತೆ! ಊರಿಗೆ ಊರೇ ನಡುಗಿದ್ದನ್ನು ಒಂದು ಪದದಲ್ಲಿ ಮುಗಿಸಿದ್ದಾನೆ. ನನಗನ್ನಿಸುವ ಪ್ರಕಾರ ಇದು ಧೈರ್ಯ ಅಲ್ಲ, ವ್ಯಾಪಾರದ ಜಾಣತನ. ಹೆದರಿದ್ದೇನೆ ಅಂತ ತೋರಿಸಿಕೊಂಡರೆ ಸಾಲ ಕೊಟ್ಟವರು ಮರುದಿನವೇ ಬಾಗಿಲಿಗೆ ಬರುತ್ತಾರೆ.

ಊರು, ದಿನ, ಸರಕು. ಈ ಮೂರು ಕೈಯಲ್ಲಿದ್ದರೆ ಹುಡುಕುವುದು ಸುಲಭ. ಮದ್ರಾಸು, 1914 ಸೆಪ್ಟೆಂಬರ್ 22, ಸೀಮೆಎಣ್ಣೆ ಅಂತ ಹಾಕಿದರೆ ಮೊದಲ ಉತ್ತರವೇ ಎಮ್ಡನ್.

ಎಮ್ಡನ್ ಒಂದು ಲಘು ಕ್ರೂಸರ್, ಜರ್ಮನಿಯ ಒಂದು ಕರಾವಳಿ ಊರಿನ ಹೆಸರು ಅದಕ್ಕೆ. ಚೀನಾದ ತ್ಸಿಂಗ್ಟಾವ್ ಬಂದರಿನಲ್ಲಿ ನೆಲೆಸಿದ್ದ ಜರ್ಮನ್ ನೌಕಾಪಡೆಗೆ ಸೇರಿದ್ದು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್. ಆಗಸ್ಟ್‌ನಲ್ಲಿ ಯುದ್ಧ ಶುರುವಾದ ಮೇಲೆ ಪಡೆಯ ಬೇರೆ ಹಡಗುಗಳನ್ನು ಬಿಟ್ಟು, ಕಲ್ಲಿದ್ದಲು ಹೊತ್ತ ಒಂದು ಹಡಗು ಜೊತೆಗಿಟ್ಟುಕೊಂಡು ಹಿಂದೂ ಮಹಾಸಾಗರಕ್ಕೆ ಬಂತು. ಅದಕ್ಕೆ ಇದ್ದದ್ದು ಮೂರು ಹೊಗೆಕೊಳವೆ. ದೂರದಿಂದ ಬ್ರಿಟಿಷ್ ಹಡಗಿನ ಥರ ಕಾಣಲಿ ಅಂತ ನಾಲ್ಕನೆಯದೊಂದು ಸುಳ್ಳು ಕೊಳವೆ ಕಟ್ಟಿಕೊಂಡಿತ್ತು, ನಾಟಕದ ವೇಷದ ಹಾಗೆ. ಸೆಪ್ಟೆಂಬರ್ 10ರಿಂದ ಬಂಗಾಳ ಕೊಲ್ಲಿಯಲ್ಲಿ ಒಂದಾದ ಮೇಲೊಂದು ವ್ಯಾಪಾರದ ಹಡಗು ಹಿಡಿಯತೊಡಗಿತು.

ಸೆಪ್ಟೆಂಬರ್ 22ರ ರಾತ್ರಿ ಒಂಬತ್ತೂವರೆ ಸುಮಾರಿಗೆ ಅದು ಮದ್ರಾಸಿನ ಮುಂದೆ ನಿಂತಿತ್ತು. ಸುಮಾರು 3,000 ಗಜ ದೂರ, ಎರಡೂ ಮುಕ್ಕಾಲು ಕಿಲೋಮೀಟರ್ ಅನ್ನಿ. ಈಗ ಆ ಅಮಾವಾಸ್ಯೆಯ ಲೆಕ್ಕ ನೆನಪಿಸಿಕೊಳ್ಳಿ. ಸಮುದ್ರ ಕಪ್ಪು, ಊರು ಮಾತ್ರ ಝಗಮಗ. ದೀಪ ಆರಿಸಿ ಕೂರುವ ಅಭ್ಯಾಸ ಯಾರಿಗೂ ಇರಲಿಲ್ಲ. ಹಡಗಿನವರು ಸರ್ಚ್‌ಲೈಟ್ ಹಾಕಿ ಬಂದರಿನ ಪಕ್ಕದ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳನ್ನು ಹುಡುಕಿಕೊಂಡು ಹೊಡೆದರು. ಸುಮಾರು 130 ಗುಂಡು. ಎರಡು ಟ್ಯಾಂಕಿಗೆ ಬೆಂಕಿ ಬಿತ್ತು, ಇನ್ನೂ ಮೂರಕ್ಕೆ ಏಟು, ಬಂದರಿನಲ್ಲಿದ್ದ ಒಂದು ವ್ಯಾಪಾರದ ಹಡಗಿಗೂ ಏಟು. ಕೆಲವರು ಸತ್ತರು. ದಡದ ಫಿರಂಗಿಗಳು ತಿರುಗಿ ಹೊಡೆಯುವಷ್ಟರಲ್ಲಿ ಹಡಗು ದೀಪ ಆರಿಸಿ ಕತ್ತಲಲ್ಲಿ ಕರಗಿತ್ತು. ಒಂದು ತಾಸೂ ಹಿಡಿಯದ ಕೆಲಸ. ಆದರೆ ಮರುದಿನದಿಂದ ಸಾವಿರಾರು ಜನ ಊರು ಬಿಟ್ಟರು, ರೈಲಿಗೆ ನೂಕುನುಗ್ಗಲು. ನಮ್ಮ ಕಾಗದದ ಕೂಲಿಗಳು, ಗಾಡಿಯವರು ಈ ಜನರಲ್ಲೇ ಇದ್ದಿರಬೇಕು.

ಬಂಗಾಳ ಕೊಲ್ಲಿಯಲ್ಲಿ ಹಡಗು ಓಡಿಸುವುದನ್ನು ಬ್ರಿಟಿಷರು ಮತ್ತೆ ನಿಲ್ಲಿಸಿದರು. ಎಮ್ಡನ್ ಈ ಕಡೆ ಬಂದ ಮೊದಲ ತಿಂಗಳಲ್ಲಿ ಇಲ್ಲಿನ ರಫ್ತಿನ ಮೌಲ್ಯ 61.2 ಶೇಕಡಾ ಕುಸಿಯಿತು ಅಂತ ಲೆಕ್ಕ ಇದೆ. ಸೀಮೆಎಣ್ಣೆ ಬರುತ್ತಿದ್ದದ್ದು ರಂಗೂನಿನಿಂದ, ಅದೇ ಕೊಲ್ಲಿ ದಾಟಿ. ಮುಂದಿನ ದರ ಹೇಳಲಾಗುವುದಿಲ್ಲ ಅನ್ನುವ ಮಾತಿಗೆ ಈಗ ಅರ್ಥ ಬಂತು ಅಲ್ವಾ?

ಸಿಕ್ಕಿತು ಅಂತ ಕುಣಿಯುವ ಮುಂಚೆ

ಇಲ್ಲಿಗೆ ಬಂದ ಕೂಡಲೇ ಎಲ್ಲರಿಗೂ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ ಆಯಿತು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಯೂ ಬಿಟ್ಟೆ. ಆದರೆ ಕಾಗದದ ಮಾತು ಮತ್ತು ಇತಿಹಾಸದ ಘಟನೆ ಒಂದೇ ದಿನ ಬಿದ್ದ ಮಾತ್ರಕ್ಕೆ ಎರಡಕ್ಕೂ ಸಂಬಂಧ ಇದೆ ಅಂತ ತೀರ್ಮಾನಿಸಬಾರದು. ಆ ಊರಿನಲ್ಲಿ ಆ ವಾರ ಕೂಲಿಗಳು ನಿಜಕ್ಕೂ ಓಡಿಹೋಗಿದ್ದರಾ, ಬೇರೆಯವರು ಬರೆದಿದ್ದಾರಾ ನೋಡಿ.

ಪತ್ರಿಕೆಗಳೇ ಮೊದಲ ದಾರಿ. ಮದ್ರಾಸಿನಲ್ಲಿ ಆಗ ದಿ ಹಿಂದೂ, ಮದ್ರಾಸ್ ಮೇಲ್ ಎರಡೂ ಇದ್ದವು. ಇಲ್ಲಿನ ಹಳೇ ಸಂಚಿಕೆ ನೋಡಲು ಓಡಾಟ ಬೇಕು. ಮನೆಯಲ್ಲೇ ಕೂತು ಶುರು ಮಾಡಬೇಕಾದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಅನ್ನುವ ವೆಬ್‌ಸೈಟ್ ನೋಡಿ, ಹಳೇ ಪತ್ರಿಕೆ ಓದಲು ದುಡ್ಡು ಕೊಡಬೇಕಾಗಿಲ್ಲ. ಮದ್ರಾಸಿಗೂ ಆಸ್ಟ್ರೇಲಿಯಾಕ್ಕೂ ಏನು ಸಂಬಂಧ ಅನ್ನಬೇಡಿ. 1914ರ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಹತ್ತಿರ ಎಮ್ಡನ್ನನ್ನು ಮುಗಿಸಿದ್ದು ಸಿಡ್ನಿ ಅನ್ನುವ ಆಸ್ಟ್ರೇಲಿಯಾದ ಹಡಗು. ಹಾಗಾಗಿ ಅಲ್ಲಿನ ಪತ್ರಿಕೆಗಳ ತುಂಬ ಎಮ್ಡನ್ನೇ. ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಸಿಂಗಾಪುರದ ನ್ಯೂಸ್‌ಪೇಪರ್‌ಎಸ್‌ಜಿ ಕೂಡ ಉಪಯೋಗಕ್ಕೆ ಬರುತ್ತವೆ. ಆದರೆ ಯುದ್ಧಕಾಲದ ಪತ್ರಿಕೆಗಳನ್ನು ಕಣ್ಣು ಮುಚ್ಚಿ ನಂಬಬೇಡಿ, ಜನ ಹೆದರಬಾರದು ಅಂತ ಸರ್ಕಾರ ಹೇಳಿಸಿದ್ದೂ ಅವುಗಳಲ್ಲೇ ಇರುತ್ತದೆ.

ಮಂಡಿ ನಿಜವಾಗಿ ಎಲ್ಲಿತ್ತು ಅಂತ ತಿಳಿಯಲು ಆ ಕಾಲದ ಡೈರೆಕ್ಟರಿಗಳಿವೆ. ಮದ್ರಾಸಿಗೆ ಅಸೈಲಮ್ ಪ್ರೆಸ್ ಆಲ್ಮನಾಕ್ ಅಂತ ಪ್ರತಿ ವರ್ಷ ಬರುತ್ತಿತ್ತು, ಅದರಲ್ಲಿ ವ್ಯಾಪಾರಿಗಳ ಪಟ್ಟಿ ಸಿಗುತ್ತದೆ. ಸರ್ಕಾರಿ ದಾಖಲೆ ಬೇಕಾದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಆದ್ದರಿಂದ ಈ ಜಿಲ್ಲೆಯವರು ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ, ಚೆನ್ನೈಗೆ ಹೋಗಿ. ಹೋದಾಗ ಹೈಕೋರ್ಟ್ ಆವರಣದ ಗೋಡೆಯಲ್ಲಿರುವ ಎಮ್ಡನ್ ಫಲಕವನ್ನೂ, ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿರುವ ಗುಂಡಿನ ಚೂರನ್ನೂ ನೋಡಿ ಬನ್ನಿ. ಫಲಕ ಸಣ್ಣದು, ಕೇಳಿಕೊಂಡೇ ಹೋಗಬೇಕು.

ಹೆಸರು ಹುಡುಕುವಾಗ ಒಂದೇ ಕಾಗುಣಿತ ಹಿಡಿದು ಕೂರಬೇಡಿ. ದೇಶಭಾಷೆಯ ಕಾಗದಗಳಲ್ಲಿ ಎಂಡನ್, ಯಮ್ಡನ್, ಎಮ್ಟನ್ ಏನು ಬೇಕಾದರೂ ಆಗಿರಬಹುದು. ತಮಿಳಿನಲ್ಲಿ ಎಮ್ಡನ್ ಅಂದರೆ ಇವತ್ತಿಗೂ ಪಕ್ಕಾ ಕಿಲಾಡಿ, ಮಲಯಾಳದ ಯಮಂಡನ್ ಅಂದರೆ ದೈತ್ಯ ಗಾತ್ರದ್ದು. ಹಾಗಾಗಿ 1914ರ ಆಮೇಲಿನ ಕಾಗದದಲ್ಲಿ ಯಾರನ್ನೋ ಎಮ್ಡನ್ ಅಂದಿದ್ದರೆ ಹಡಗು ಹುಡುಕಲು ಹೋಗಬೇಡಿ, ಯಾರೋ ಯಾರನ್ನೋ ಬೈದಿರಬಹುದು. ದಂತಕಥೆಗಳ ಬಗ್ಗೆಯೂ ಎಚ್ಚರ. ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೈ ಅದೇ ಹಡಗಿನಲ್ಲಿದ್ದರು ಅಂತ ತುಂಬ ಕಡೆ ಓದುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಗಟ್ಟಿ ದಾಖಲೆ ಇಲ್ಲ.

ನಿಮ್ಮ ಕಾಗದ ಮಂಗಳೂರಿನದ್ದಾದರೆ ಕಥೆ ಬೇರೆ ದಾರಿ ಹಿಡಿಯಬಹುದು. ಅಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಇದ್ದವು, ಜರ್ಮನ್ ಪಾದ್ರಿಗಳಿದ್ದರು. ಯುದ್ಧದಲ್ಲಿ ಅವರನ್ನು ಶತ್ರು ದೇಶದವರು ಅಂತ ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು, ಆಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೆಂಚು ಬರಲಿಲ್ಲ ಅಂತ ಕಾಗದ ಇದ್ದರೆ ಕಾರಣ ಕಾರ್ಖಾನೆಯಲ್ಲೇ ಇರಬಹುದು, ಸಮುದ್ರದಲ್ಲೂ ಇರಬಹುದು. ಯಾಕೆಂದರೆ ಎಮ್ಡನ್ ಅಕ್ಟೋಬರ್‌ನಲ್ಲಿ ಮಿನಿಕಾಯ್ ಸುತ್ತಮುತ್ತ, ಅಂದರೆ ನಮ್ಮ ಪಶ್ಚಿಮದ ಕಡಲಲ್ಲೇ, ಹಡಗು ಹಿಡಿಯುತ್ತಿತ್ತು. ಇನ್ನು ಲಕೋಟೆ ಮೇಲೆ ಆರನೇ ಜಾರ್ಜ್ ಇದ್ದು, ಅಂಚಿಗೆ ಸೆನ್ಸಾರಿನವರು ಬಿಚ್ಚಿ ನೋಡಿ ಅಂಟಿಸಿದ ಪಟ್ಟಿ ಇದ್ದರೆ ಅದು ಎರಡನೇ ಮಹಾಯುದ್ಧದ್ದು. ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿನ ವಿಮಾನಗಳು ಬಾಂಬ್ ಹಾಕಿದ್ದು 1942ರ ಏಪ್ರಿಲ್ 6ಕ್ಕೆ. ಆಗಲೂ ಮದ್ರಾಸಿನಿಂದ ಜನ ಗುಳೆ ಹೋದರು. ಎರಡು ಗುಳೆಗಳನ್ನು ಒಂದು ಮಾಡಿ ಹೇಳುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ.

ಎತ್ತಿಡುವುದು

ಇದನ್ನು ಬೇಗ ಮುಗಿಸುತ್ತೇನೆ. ಲ್ಯಾಮಿನೇಟ್ ಮಾಡಿಸಬೇಡಿ. ಸೆಲ್ಲೋಟೇಪ್ ಬೇಡ. ಬೇವಿನ ಎಲೆ, ನುಸಿಗುಳಿಗೆ ಕಾಗದಕ್ಕೆ ತಾಗುವ ಹಾಗೆ ಇಡಬೇಡಿ, ಕಲೆ ಬೀಳುತ್ತದೆ. ಆಮ್ಲ ಇಲ್ಲದ ಕಾಗದದ ಮಡಿಕೆ, ಇಲ್ಲವೇ ಪಾಲಿಯೆಸ್ಟರ್ ಕವರು. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಕವರು ಶಾಯಿಯನ್ನು ಎಳೆದುಕೊಳ್ಳುತ್ತದೆ. ಅಟ್ಟವೂ ಬೇಡ, ಬಚ್ಚಲಿನ ಗೋಡೆಗೆ ತಾಗಿದ ಬೀರುವೂ ಬೇಡ. ಯಾವ ಟ್ರಂಕಿನಲ್ಲಿ, ಯಾವ ಕಾಗದದ ಕೆಳಗೆ ಸಿಕ್ಕಿತು ಅಂತ ಒಂದು ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ಕಂತೆ ಬಿಚ್ಚಿದ ಮೇಲೆ ಆ ಕ್ರಮ ಮತ್ತೆ ಸಿಗುವುದಿಲ್ಲ.

ಮತ್ತೆ, ಕಾಗದವನ್ನು ಕೊನೆವರೆಗೆ ಓದಿ. ನಾನು ಇದನ್ನು ಮಾಡಿದ್ದು ತಿಂಗಳಾದ ಮೇಲೆ. ಯುದ್ಧ ಸಿಕ್ಕಿತು ಅನ್ನುವ ಖುಷಿಯಲ್ಲಿ ಕೆಳಗಿನ ಎರಡು ಸಾಲು ಬಿಟ್ಟುಬಿಟ್ಟಿದ್ದೆ, ಅದೂ ನಾನೇ ಒದ್ದೆ ಮಾಡಿ ಕೆಡಿಸಿದ ಮೂಲೆ ಪಕ್ಕದ ಸಾಲುಗಳು.

ನಮ್ಮ ತಾತ ಸಾಯುವವರೆಗೂ ಹೇಳುತ್ತಿದ್ದರು, ನಮ್ಮದು ಭಾರೀ ಅಂಗಡಿ, ಮದ್ರಾಸಿನಲ್ಲಿ ನಮ್ಮ ಎಣ್ಣೆಗೆ ಜರ್ಮನಿಯವರು ಬೆಂಕಿ ಇಟ್ಟರು, ಅವತ್ತಿನಿಂದ ನಾವು ಮೇಲೇಳಲಿಲ್ಲ ಅಂತ. ಮನೆಯಲ್ಲಿ ಎಲ್ಲರೂ ಅದನ್ನೇ ನಂಬಿ ಬೆಳೆದವರು. ಕಾಗದದಲ್ಲಿ ಎಣ್ಣೆ ಸುಟ್ಟ ಮಾತೇ ಇಲ್ಲ, ಇಪ್ಪತ್ತು ಡಬ್ಬ ತಡ ಅಂತ ಮಾತ್ರ ಇದೆ. ಕೊನೆಯ ಎರಡು ಸಾಲಿನಲ್ಲಿ ಮಂಡಿಯವನು ತುಂಬ ವಿನಯವಾಗಿ, ಜೂನ್ ತಿಂಗಳಿಂದ ನಿಂತಿರುವ ಹಳೇ ಬಾಕಿ ಕಳಿಸಿಕೊಡಿ, ಇದು ಮೂರನೇ ಸಲ ಕೇಳುತ್ತಿರುವುದು ಅಂತ ಬರೆದಿದ್ದಾನೆ.

ಜೂನ್‌ನಲ್ಲಿ ಎಮ್ಡನ್ ಇನ್ನೂ ತ್ಸಿಂಗ್ಟಾವ್ ಬಂದರಿನಲ್ಲಿ ಲಂಗರು ಹಾಕಿ ನಿಂತಿತ್ತು.